ಚಿಕ್ಕ ಮಕ್ಕಳ ಜೊತೆ ಬೆಂಗಳೂರಿನಿಂದ ಅಮೆರಿಕಕ್ಕೆ: ಟಿಕೆಟ್‌ನಿಂದ ಮೊದಲ ವಾರದ ನಿದ್ದೆವರೆಗೆ

ಮಗಳಿಗೆ ಮೂರೂವರೆ ವರ್ಷ, ಮಗನಿಗೆ ಹತ್ತು ತಿಂಗಳು. ದೇವನಹಳ್ಳಿಯಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊ. ವಿಮಾನದೊಳಗೇ ಸುಮಾರು 20 ಗಂಟೆ. ಬನಶಂಕರಿಯ ಅಮ್ಮನ ಮನೆ ಬಾಗಿಲಿನಿಂದ ನಮ್ಮ ಮನೆ ಬಾಗಿಲಿಗೆ ಲೆಕ್ಕ ಹಾಕಿದರೆ 30 ಗಂಟೆ ಹತ್ತಿರ. ಮೊದಲ ಸಲ ಹೊರಟಾಗ ಮಕ್ಕಳಿಗೆ ಏನೇನು ಬೇಕೋ ಎಲ್ಲ ತುಂಬಿಕೊಂಡಿದ್ದೆ. ನಮ್ಮಿಬ್ಬರ ಬಗ್ಗೆ ಯೋಚಿಸಿರಲೇ ಇಲ್ಲ. ಕೊನೆಯ ನಾಲ್ಕು ಗಂಟೆ ಬರುವಷ್ಟರಲ್ಲಿ ನಾನೂ ನನ್ನ ಗಂಡನೂ ಒಂದು ದಿನಕ್ಕೂ ಜಾಸ್ತಿ ನಿದ್ದೆಗೆಟ್ಟಿದ್ದೆವು. ಮಗಳು ಜ್ಯೂಸ್ ಚೆಲ್ಲಿಕೊಂಡು ಅತ್ತಳು. ಅವಳ ಜೊತೆ ನಾನೂ ಅತ್ತೆ.

ಆಮೇಲಿನ ಪ್ರಯಾಣಗಳಲ್ಲಿ ಒಂದೇ ನಿಯಮ ಇಟ್ಟುಕೊಂಡೆವು. ಇಬ್ಬರು ದೊಡ್ಡವರೂ ಒಟ್ಟಿಗೆ ಎಚ್ಚರ ಇರಬಾರದು. ಪಾಳಿ ಹಾಕಿಕೊಳ್ಳಬೇಕು. ಆಟಿಕೆ ಮರೆತರೂ ನಡೆಯುತ್ತದೆ, ತಿಂಡಿ ಕಡಿಮೆಯಾದರೂ ನಡೆಯುತ್ತದೆ. ನಿದ್ದೆ ಮಾಡಿದ ಒಬ್ಬ ಅಪ್ಪನೋ ಅಮ್ಮನೋ ಪಕ್ಕದಲ್ಲಿ ಇಲ್ಲದಿದ್ದರೆ ಮಾತ್ರ ತುಂಬಾ ಕಷ್ಟ. ಕೆಳಗಿನ ಹಂತಗಳನ್ನೆಲ್ಲ ಇದನ್ನೇ ತಲೆಯಲ್ಲಿಟ್ಟುಕೊಂಡು ಓದಿ.

1. ಟಿಕೆಟ್ ಮತ್ತು ಸೀಟು

ಎರಡು ವರ್ಷ ತುಂಬದ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಹೋಗಬಹುದು. ಅಂತರರಾಷ್ಟ್ರೀಯ ವಿಮಾನಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ದೊಡ್ಡವರ ದರದ ಶೇ. 10ರಷ್ಟು ಹಣ ತೆಗೆದುಕೊಳ್ಳುತ್ತಾರೆ. ಹೋಗುವಾಗ 23 ತಿಂಗಳಿದ್ದು, ಬರುವಷ್ಟರಲ್ಲಿ ಎರಡು ವರ್ಷ ದಾಟಿದರೆ ವಾಪಸು ಬರಲು ಸೀಟು ಕೊಳ್ಳಲೇಬೇಕು. ರಜೆಯ ದಿನಾಂಕ ಗೊತ್ತುಮಾಡುವ ಮೊದಲೇ ಈ ಲೆಕ್ಕ ಹಾಕಿಬಿಡಿ.

ಅವಳಿ ಮಕ್ಕಳಿದ್ದರೆ ಇನ್ನೊಂದು ವಿಷಯ. ಒಂದು ಗುಂಪಿನ ಸೀಟುಗಳ ಮೇಲೆ ಸಾಮಾನ್ಯವಾಗಿ ಒಂದೇ ಒಂದು ಹೆಚ್ಚುವರಿ ಆಕ್ಸಿಜನ್ ಮಾಸ್ಕ್ ಇರುತ್ತದೆ. ಹಾಗಾಗಿ ತೊಡೆ ಮೇಲಿನ ಎರಡು ಮಕ್ಕಳನ್ನು ಅಕ್ಕಪಕ್ಕ ಕೂರಿಸುವುದಿಲ್ಲ. ಗಂಡ ಹೆಂಡತಿ ನಡುದಾರಿಯ ಆ ಕಡೆ ಈ ಕಡೆ ಕೂರುವಂತೆ ಸೀಟು ಹಿಡಿಯಿರಿ.

ಕೂಸಿದ್ದರೆ ಬ್ಯಾಸಿನೆಟ್ ಕೇಳಿ. ಇದು ಎದುರಿನ ಗೋಡೆಗೆ ಸಿಕ್ಕಿಸುವ ಪುಟ್ಟ ತೊಟ್ಟಿಲು. ಮೊದಲ ಸಾಲಿನ ಸೀಟುಗಳ ಮುಂದೆ ಮಾತ್ರ ಇರುತ್ತದೆ, ಅದೂ ಕೆಲವೇ ಇರುತ್ತವೆ. ಟಿಕೆಟ್ ಆದ ದಿನವೇ ವಿಮಾನ ಕಂಪನಿಗೆ ಫೋನ್ ಮಾಡಿ. ತೂಕದ ಮಿತಿ ಅನೇಕ ಕಡೆ 10–11 ಕೆಜಿ, ಕೆಲವರಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಉದ್ದಕ್ಕೂ ಮಿತಿ ಇರುತ್ತದೆ. ಮನೆಯಲ್ಲಿ ಮಗುವಿನ ತೂಕ ನೋಡಿಕೊಂಡೇ ಮಾತಾಡಿ.

ಬ್ಯಾಸಿನೆಟ್ ಸೀಟಿನ ತೊಂದರೆಗಳೂ ಗೊತ್ತಿರಲಿ. ವಿಮಾನ ಅಲುಗಾಡಿ ಸೀಟ್‌ಬೆಲ್ಟ್ ದೀಪ ಹತ್ತಿದಾಗೆಲ್ಲ ಮಗುವನ್ನು ಎತ್ತಿ ತೊಡೆಗೆ ಹಾಕಿಕೊಳ್ಳಬೇಕು. ಆಗಷ್ಟೇ ಕಣ್ಣು ಮುಚ್ಚಿದ ಮಗುವನ್ನು! ಆ ಸಾಲಿನಲ್ಲಿ ಕೈಯಿಡುವ ಹಿಡಿಗಳು ಮೇಲಕ್ಕೆ ಏಳುವುದಿಲ್ಲ. ಮುಂದೆ ಸೀಟಿಲ್ಲದ ಕಾರಣ, ಏರುವಾಗ ಇಳಿಯುವಾಗ ಚೀಲಗಳೆಲ್ಲ ತಲೆಮೇಲಿನ ಗೂಡಿಗೇ ಹೋಗಬೇಕು. ಹಾಲಿನ ಬಾಟಲಿ ಮತ್ತು ಒಂದು ಬಟ್ಟೆಯನ್ನು ಮೊದಲೇ ಕೈಯಲ್ಲಿ ಹಿಡಿದುಕೊಂಡಿರಿ.

ನನ್ನ ಲೆಕ್ಕ ಹೀಗೆ. ವರ್ಷ ತುಂಬದ ಮಗುವಿಗೆ ಬ್ಯಾಸಿನೆಟ್ ಸರಿ. ಎರಡು ವರ್ಷ ದಾಟಿದ ಮಗುವಿಗೆ ಸಾಮಾನ್ಯ ಸಾಲೇ ವಾಸಿ. ಹಿಡಿ ಎತ್ತಿ, ಅಮ್ಮನ ತೊಡೆ ಮೇಲೆ ತಲೆ ಇಟ್ಟು, ಕಾಲು ಚಾಚಿ ಮಲಗುತ್ತದೆ.

ನಡುವಿನ ವಿಮಾನ ನಿಲ್ದಾಣದಲ್ಲಿ ಮೂರರಿಂದ ನಾಲ್ಕು ಗಂಟೆ ಬಿಡುವು ಇರಲಿ. ಒಂದೂವರೆ ಗಂಟೆ ಸಾಲುವುದೇ ಇಲ್ಲ. ಅಷ್ಟು ದೂರ ನಡೆದು, ಮತ್ತೆ ಸೆಕ್ಯುರಿಟಿ ದಾಟಿ, ಡೈಪರ್ ಬದಲಿಸುವಷ್ಟರಲ್ಲಿ ಗೇಟ್ ಮುಚ್ಚಿರುತ್ತದೆ. ಇಡೀ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ಸಂಖ್ಯೆಯಲ್ಲಿರಲಿ. ಆಗ ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿದರೆ ಇನ್ನೊಂದಕ್ಕೆ ಹತ್ತಿಸುವುದು ಅವರ ಜವಾಬ್ದಾರಿ.

ಊಟದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. 'ಚೈಲ್ಡ್ ಮೀಲ್' ಎಂದು ಹಾಕಿದರೆ ಅದು ಸಸ್ಯಾಹಾರ ಆಗಿರಬೇಕೆಂದೇನಿಲ್ಲ. ಚಿಕನ್ ತುಂಡೂ ಇರಬಹುದು. ನೀವು ಮಾಂಸ ತಿನ್ನದವರಾದರೆ ಮಗುವಿಗೂ ಎವಿಎಂಎಲ್, ಅಂದರೆ ಭಾರತೀಯ ಶೈಲಿಯ ಸಸ್ಯಾಹಾರವನ್ನೇ ಬುಕ್ ಮಾಡಿ. ಹೊರಡುವ ಎರಡು ದಿನ ಮೊದಲೇ ಮುಗಿಸಿ, ಇನ್ನೊಮ್ಮೆ ನೋಡಿ ಖಚಿತ ಮಾಡಿಕೊಳ್ಳಿ.

2. ಕಾಗದಪತ್ರ

ಭಾರತದಲ್ಲಿ ಮಕ್ಕಳ ಪಾಸ್‌ಪೋರ್ಟ್ ಐದು ವರ್ಷಕ್ಕೆ ಮಾತ್ರ. ಅಮೆರಿಕದ ಮಕ್ಕಳದ್ದೂ ಅಷ್ಟೇ. ಅವಧಿ ಇನ್ನೂ ಆರು ತಿಂಗಳಾದರೂ ಬಾಕಿ ಇದೆಯೇ ನೋಡಿ. ಅಮೆರಿಕದಲ್ಲಿ ಹುಟ್ಟಿ ಅಲ್ಲಿಯ ಪಾಸ್‌ಪೋರ್ಟ್ ಇರುವ ಮಗು ಭಾರತಕ್ಕೆ ಬರಲು ಓಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಸರ್ಕಾರ ಕೊಡುವ ಕಾರ್ಡ್) ಅಥವಾ ವೀಸಾ ಬೇಕು. ಓಸಿಐ ಅಲ್ಲಿಯ ಮನೆಯ ಡ್ರಾಯರ್‌ನಲ್ಲಿ ಉಳಿದುಹೋದರೆ ವಿಮಾನ ಹತ್ತಲು ಬಿಡುವುದಿಲ್ಲ. ನಡುವಿನ ದೇಶಕ್ಕೆ ಟ್ರಾನ್ಸಿಟ್ ವೀಸಾ ಬೇಕಾ ಎನ್ನುವುದನ್ನು ಒಬ್ಬೊಬ್ಬರ ಪಾಸ್‌ಪೋರ್ಟ್‌ಗೂ ಬೇರೆಬೇರೆಯಾಗಿ ನೋಡಿ. ಮೊಮ್ಮಗುವಿಗೆ ಬೇಡದ್ದು ಜೊತೆಗೆ ಬರುವ ಅಜ್ಜಿಗೆ ಬೇಕಾಗಬಹುದು.

ನಮ್ಮ ಕಡೆ ಹೆಸರಿನದೇ ಒಂದು ತಾಪತ್ರಯ. ನನ್ನ ಪಾಸ್‌ಪೋರ್ಟ್‌ನ ಸರ್‌ನೇಮ್ ಜಾಗದಲ್ಲಿ ನನ್ನ ಅಪ್ಪನ ಹೆಸರಿದೆ. ಮಕ್ಕಳದರಲ್ಲಿ ಅವರ ಅಪ್ಪನ ಹೆಸರಿದೆ. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಹೀಗೇ. ಹೊರದೇಶದ ಅಧಿಕಾರಿಗೆ ಇದು ಅರ್ಥವಾಗುವುದಿಲ್ಲ. 'ಇವರು ನಿಮ್ಮ ಮಕ್ಕಳೇನಾ?' ಎಂದು ಕೇಳುತ್ತಾರೆ. ಜನನ ಪ್ರಮಾಣಪತ್ರದ ಇಂಗ್ಲಿಷ್ ಪ್ರತಿ ಕೈಚೀಲದಲ್ಲಿದ್ದರೆ ಒಂದು ನಿಮಿಷದಲ್ಲಿ ಮುಗಿಯುತ್ತದೆ. ಒಬ್ಬರೇ ಮಕ್ಕಳನ್ನು ಕರೆದೊಯ್ಯುತ್ತಿದ್ದರೆ, ಇನ್ನೊಬ್ಬರು ಸಹಿ ಮಾಡಿ ನೋಟರಿ ಮಾಡಿಸಿದ ಒಪ್ಪಿಗೆ ಪತ್ರವೂ ಜೊತೆಗಿರಲಿ.

3. ಡಾಕ್ಟರ್ ಹತ್ತಿರ ಒಂದು ಸಲ

ಹೊರಡುವ ಒಂದು ವಾರ ಮೊದಲು ಮಕ್ಕಳ ಡಾಕ್ಟರ್‌ಗೆ ತೋರಿಸಿ. ಮುಖ್ಯವಾಗಿ ಕಿವಿ ನೋಡಿಸಿ. ಶೀತ ಇದ್ದು ಕಿವಿಯಲ್ಲಿ ಸೋಂಕಿದ್ದರೆ ವಿಮಾನದಲ್ಲಿ ತುಂಬಾ ನೋವಾಗುತ್ತದೆ. ಪ್ಯಾರಸಿಟಮಾಲ್ ಎಷ್ಟು ಎಂಎಲ್ ಕೊಡಬೇಕೆಂದು ಮಗುವಿನ ಈಗಿನ ತೂಕಕ್ಕೆ ಬರೆಸಿಕೊಳ್ಳಿ. ಓಆರ್‌ಎಸ್ ಪೊಟ್ಟಣ, ಮೂಗಿಗೆ ಸಲೈನ್ ಹನಿ ಇರಲಿ. ವಿಮಾನದೊಳಗಿನ ಗಾಳಿ ಬಹಳ ಒಣ. ಮೂಗು ಕಟ್ಟಿದ ಕೂಸಿಗೆ ಹಾಲು ಕುಡಿಯುವುದೂ ಕಷ್ಟ.

'ಒಂದು ಚಮಚ ನಿದ್ದೆ ಸಿರಪ್ ಕೊಟ್ಟುಬಿಡಿ' ಎಂದು ಹೇಳುವವರು ಸಿಗುತ್ತಾರೆ. ದಯವಿಟ್ಟು ಬೇಡ. ಅಲರ್ಜಿ ಔಷಧಿಯನ್ನು ನಿದ್ದೆಗೆಂದು ಕೊಟ್ಟಾಗ ಕೆಲವು ಮಕ್ಕಳಿಗೆ ನಿದ್ದೆ ಬರುವ ಬದಲು ಕೆರಳಿದಂತಾಗುತ್ತದೆ. ಉಸಿರಾಟಕ್ಕೆ ತೊಂದರೆಯಾದರೆ ಆಕಾಶದಲ್ಲಿ ಎಲ್ಲಿಗೆ ಓಡುತ್ತೀರಿ?

4. ಕೈಚೀಲ

ದೊಡ್ಡ ಚೀಲದಲ್ಲಿ ಹುಡುಕಾಡುವುದೇ ಅರ್ಧ ಆಯಾಸ. ಎಲ್ಲವನ್ನೂ ಚಿಕ್ಕ ಚಿಕ್ಕ ಜಿಪ್ ಕವರ್‌ಗಳಲ್ಲಿ ಹಾಕಿ. ನನ್ನ ಡೈಪರ್ ಕವರ್‌ನಲ್ಲಿ ಒಂದು ಡೈಪರ್, ನಾಲ್ಕು ವೈಪ್ಸ್, ಕೊಳಕು ಹಾಕಲು ಒಂದು ಖಾಲಿ ಕವರ್ ಇರುತ್ತದೆ. ಇಂಥವು ಹತ್ತು. ವಿಮಾನದ ಟಾಯ್ಲೆಟ್‌ನಲ್ಲಿ ಮಗು ಮತ್ತು ನೀವು ನಿಂತರೆ ಜಾಗ ಮುಗಿಯಿತು, ಚೀಲಕ್ಕೆ ಎಡೆಯಿಲ್ಲ. ಒಂದು ಕವರ್ ಹಿಡಿದು ಹೋಗಿ, ಕೆಲಸ ಮುಗಿಸಿ, ಅದನ್ನೇ ಕಸಕ್ಕೆ ಹಾಕಿ ಬನ್ನಿ. ಡೈಪರ್ ಲೆಕ್ಕ ಎರಡು ಗಂಟೆಗೆ ಒಂದು, ಮೇಲೆ ನಾಲ್ಕು ಜಾಸ್ತಿ.

ಬಟ್ಟೆಯನ್ನು ಮಕ್ಕಳಿಗೆ ಎರಡು ಜೊತೆ ಎಲ್ಲರೂ ಇಟ್ಟುಕೊಳ್ಳುತ್ತಾರೆ. ನಿಮಗೂ ಒಂದೊಂದು ಜೊತೆ ಇಟ್ಟುಕೊಳ್ಳಿ. ಮಗ ಫ್ರಾಂಕ್‌ಫರ್ಟ್‌ಗೆ ಒಂಬತ್ತು ಗಂಟೆ ಇರುವಾಗಲೇ ನನ್ನ ಕುರ್ತಾ ಮೇಲೆ ಪೂರ್ತಿ ಹಾಲು ವಾಂತಿ ಮಾಡಿಕೊಂಡಿದ್ದ. ಅವನಿಗೆ ಬದಲಿಸಲು ನಾಲ್ಕು ಬಟ್ಟೆ ಇತ್ತು, ನನಗೆ ಒಂದೂ ಇರಲಿಲ್ಲ. ಒದ್ದೆ ಬಟ್ಟೆಯಲ್ಲಿ, ಆ ಎಸಿ ಚಳಿಯಲ್ಲಿ, ಹುಳಿ ವಾಸನೆಯಲ್ಲಿ ಕೂತು ನನ್ನ ಪಾಳಿಯ ನಿದ್ದೆ ಪೂರಾ ಹಾಳಾಯಿತು.

ಈಗ ತಿಂಡಿ. ಮನೆಯಲ್ಲಿ ಮಗುವಿಗೆ ರಾಗಿ ಸರಿ ಕೊಡುವವರು ಅದರ ಹಿಟ್ಟನ್ನೇ ತುಂಬಿಕೊಂಡು ಹೊರಡುತ್ತಾರೆ. ಆದರೆ ಸರಿ ಒಲೆ ಮೇಲೆ ಬೇಯಬೇಕು. ವಿಮಾನದಲ್ಲಿ ಸಿಗುವುದು ಬಿಸಿನೀರು ಮಾತ್ರ. ಅದರ ಬದಲು ತೆಳು ಅವಲಕ್ಕಿಯನ್ನು ಬೆಚ್ಚಗೆ ಹುರಿದು ನುಣ್ಣಗೆ ಪುಡಿ ಮಾಡಿಕೊಳ್ಳಿ. ಅವಲಕ್ಕಿ ಮೊದಲೇ ಬೆಂದದ್ದು, ಬಿಸಿನೀರು ಹಾಕಿ ಐದು ನಿಮಿಷ ಮುಚ್ಚಿಟ್ಟರೆ ಮೆತ್ತಗಾಗುತ್ತದೆ. ಬಾಳೆಹಣ್ಣು ಕಿವುಚಿ ಸೇರಿಸಿದರೆ ಒಂದು ಊಟ ಆಯಿತು. ಅವರು ಕೊಡುವ ನೀರು ಸುಡುವಷ್ಟು ಬಿಸಿ ಇರುತ್ತದೆ. ಅರ್ಧ ಲೋಟ ಬಿಸಿ, ಅರ್ಧ ಬಾಟಲಿ ನೀರು ಕೇಳಿ ನೀವೇ ಬೆರೆಸಿಕೊಳ್ಳಿ.

ದೊಡ್ಡ ಮಗುವಿಗೆ ನಿಧಾನಕ್ಕೆ ಮುಗಿಯುವ ತಿಂಡಿ ಬೇಕು. ನನ್ನ ಅನುಭವದಲ್ಲಿ ಕಡ್ಲೆಪುರಿಗೆ ಸಮ ಇಲ್ಲ. ಪುಟ್ಟ ಡಬ್ಬಿಯಲ್ಲಿ ಒಂದು ಹಿಡಿ ಹಾಕಿ ಕೊಟ್ಟರೆ ಮಗಳು ಒಂದೊಂದೇ ಕಾಳನ್ನು ಎರಡು ಬೆರಳಲ್ಲಿ ಹಿಡಿದು, ನೋಡಿ, ನಾಲಿಗೆ ತುದಿಗೆ ಅಂಟಿಸಿಕೊಂಡು ತಿನ್ನುತ್ತಾಳೆ. ಅರ್ಧ ಗಂಟೆ ಹೋಗುತ್ತದೆ. ಕಡಲೆಕಾಯಿ, ಹುರಿಗಡಲೆ ಮಾತ್ರ ಆರಿಸಿ ತೆಗೆದಿಡಿ. ಚಿಕ್ಕ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಇಡ್ಲಿಗೆ ಚಟ್ನಿಪುಡಿ ಎಣ್ಣೆ ಸವರಿ ಕಟ್ಟಿಕೊಂಡರೆ ಮೊದಲ ವಿಮಾನಕ್ಕೆ ಸಾಕು. ದೊಡ್ಡವರಿಗೆ ಪುಳಿಯೋಗರೆ. ಸಿಹಿ ಜಾಸ್ತಿ ಇಡಬೇಡಿ.

ದ್ರವಗಳಿಗೆ 100 ಎಂಎಲ್ ಮಿತಿ ಇದೆ. ಮಗುವಿನ ಹಾಲು, ಫಾರ್ಮುಲಾ, ಮಗುವಿನ ಊಟಕ್ಕೆ ಪ್ರಯಾಣಕ್ಕೆ ಬೇಕಾಗುವಷ್ಟು ವಿನಾಯಿತಿ ಉಂಟು. ಬೇರೆ ಟ್ರೇಯಲ್ಲಿ ಇಟ್ಟು ಮೊದಲೇ ಹೇಳಿ. ಉಪ್ಪಿನಕಾಯಿ, ತುಪ್ಪ ಕೈಚೀಲಕ್ಕೆ ಬೇಡ. ಇನ್ನೊಂದು ಮಾತು: ಹೊರಡುವ ಹೊತ್ತಿಗೆ ಅಜ್ಜಿಯಂದಿರು ಪ್ರೀತಿಯಿಂದ ಮಾವಿನಹಣ್ಣು, ಹಸಿ ಕರಿಬೇವು ಚೀಲಕ್ಕೆ ಸೇರಿಸಿಬಿಡುತ್ತಾರೆ. ಅಮೆರಿಕದೊಳಕ್ಕೆ ಅವನ್ನು ಒಯ್ಯುವಂತಿಲ್ಲ. ಬಾಳೆಹಣ್ಣು ಉಳಿದಿದ್ದರೂ ವಿಮಾನದಲ್ಲೇ ಬಿಟ್ಟು ಇಳಿಯಿರಿ. ತಿನ್ನುವ ವಸ್ತು ಏನೇ ಇದ್ದರೂ ಕೇಳಿದಾಗ ಮುಚ್ಚಿಡದೆ ಹೇಳಿ.

ಆಟಿಕೆ ನಾಲ್ಕೈದು ಸಾಕು. ಸದ್ದು ಮಾಡುವುದು, ಉರುಳುವುದು ಬೇಡ. ಕಾಗದದ ಮಾಸ್ಕಿಂಗ್ ಟೇಪ್ ಒಂದು ಸುರುಳಿ ಇಟ್ಟುಕೊಳ್ಳಿ. ಹರಿದು ಟ್ರೇ ಮೇಲೆ ಅಂಟಿಸಿ ರಸ್ತೆ ಮಾಡಬಹುದು, ಕಿತ್ತರೆ ಅಂಟು ಉಳಿಯುವುದಿಲ್ಲ. ಚನ್ನಪಟ್ಟಣದ ಮರದ ಗಿಲಕಿ ಕೂಸಿಗೆ ಇಷ್ಟ, ಬಾಯಿಗೆ ಹಾಕಿಕೊಂಡರೂ ಭಯವಿಲ್ಲ. ಆದರೆ ಕೈಜಾರಿದರೆ ನಾಲ್ಕು ಸಾಲು ಹಿಂದಕ್ಕೆ ಉರುಳಿ ಹೋಗಿರುತ್ತದೆ. ಅದನ್ನು ವಿಮಾನ ನಿಲ್ದಾಣದಲ್ಲಿ ಕಾಯುವಾಗ ಕೊಡಿ. ಮೊಬೈಲ್‌ನಲ್ಲೋ ಟ್ಯಾಬ್‌ನಲ್ಲೋ ಕಾರ್ಟೂನ್ ಡೌನ್‌ಲೋಡ್ ಮಾಡಿಕೊಳ್ಳಿ. ಮಕ್ಕಳ ತಲೆಗೆ ಕೂರುವ ಹೆಡ್‌ಫೋನ್ ಮನೆಯಲ್ಲೇ ಹಾಕಿಸಿ ಅಭ್ಯಾಸ ಮಾಡಿಸಿ. ಈ ಒಂದು ದಿನ ಸ್ಕ್ರೀನ್ ಬಗ್ಗೆ ಕಟ್ಟುನಿಟ್ಟು ಬೇಡ.

5. ಹೊರಡುವ ದಿನ

ಬೆಂಗಳೂರಿನಿಂದ ಯುರೋಪಿನ ಕಡೆ ಹೋಗುವ ಬಹಳಷ್ಟು ವಿಮಾನಗಳು ಮಧ್ಯರಾತ್ರಿ ಮೇಲೆ ಹೊರಡುತ್ತವೆ. ಸಂಜೆ ಏಳಕ್ಕೆ ಎಂದಿನಂತೆ ಊಟ, ಸ್ನಾನ ಮಾಡಿಸಿ, ರಾತ್ರಿ ಬಟ್ಟೆಯಲ್ಲೇ ಕಾರಿಗೆ ಹತ್ತಿಸಿ. ಪ್ರಯಾಣಿಕರಲ್ಲದವರನ್ನು ಟರ್ಮಿನಲ್ ಒಳಗೆ ಬಿಡುವುದಿಲ್ಲ. ಬಾಗಿಲಲ್ಲಿ ತಾತ ಅಜ್ಜಿಯನ್ನು ತಬ್ಬಿಕೊಂಡು ಮಗು ಅತ್ತರೆ ಆ ಅಳು ಸೆಕ್ಯುರಿಟಿವರೆಗೂ ನಿಲ್ಲುವುದಿಲ್ಲ. ಟಾಟಾ ಮನೆಯಲ್ಲೇ ಹೇಳಿಸಿ. ದಕ್ಷಿಣ ಬೆಂಗಳೂರಿನಿಂದ ದಾರಿಗೆ ಎರಡು ಗಂಟೆ ಇಟ್ಟುಕೊಳ್ಳಿ, ಅಲ್ಲಿಗೆ ಮೂರೂವರೆ ಗಂಟೆ ಮೊದಲೇ ತಲುಪಿ.

2023ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ವಿಮಾನಗಳು ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ. ಬಿದಿರಿನ ಛಾವಣಿ, ಮೇಲಿಂದ ಇಳಿಬಿದ್ದ ಗಿಡಗಳು, ಮಕ್ಕಳಿಗೆ ತಲೆಯೆತ್ತಿ ನೋಡಲು ಬೇಕಾದಷ್ಟಿದೆ. ಸೆಕ್ಯುರಿಟಿ ಮುಗಿದ ಮೇಲೆ ಕೂರಿಸಬೇಡಿ, ಓಡಾಡಿಸಿ. ಮಗುವಿನ ತಳ್ಳುಗಾಡಿಯನ್ನು (ಸ್ಟ್ರೋಲರ್) ಗೇಟ್‌ವರೆಗೂ ಒಯ್ಯಬಹುದು. ಚೆಕ್‌ಇನ್‌ನಲ್ಲೇ ಚೀಟಿ ಕಟ್ಟಿಸಿಕೊಂಡು, ನಡುವಿನ ನಿಲ್ದಾಣದಲ್ಲಿ ವಿಮಾನದ ಬಾಗಿಲಲ್ಲಿ ವಾಪಸು ಸಿಗುತ್ತದಾ ಎಂದು ಕೇಳಿ. ನಮ್ಮದು ಒಮ್ಮೆ ನೇರವಾಗಿ ಸ್ಯಾನ್ ಫ್ರಾನ್ಸಿಸ್ಕೊಗೇ ಹೋಗಿಬಿಟ್ಟಿತ್ತು. ಸೊಂಟಕ್ಕೆ ಕಟ್ಟಿಕೊಳ್ಳುವ ಬೇಬಿ ಕ್ಯಾರಿಯರ್ ಇದ್ದುದರಿಂದ ಬಚಾವಾದೆವು.

ಮಕ್ಕಳಿರುವವರನ್ನು ಮೊದಲು ಹತ್ತಲು ಕರೆಯುತ್ತಾರೆ. ಎಲ್ಲರೂ ಒಟ್ಟಿಗೆ ಹೋಗಬೇಡಿ. ಒಬ್ಬರು ಚೀಲಗಳನ್ನೆಲ್ಲ ಒಯ್ದು, ಸೀಟು ಒರೆಸಿ, ಕವರ್‌ಗಳನ್ನು ಜೋಡಿಸಿಡಲಿ. ಇನ್ನೊಬ್ಬರು ಮಕ್ಕಳನ್ನು ಕೊನೆಯವರೆಗೂ ಹೊರಗೆ ಆಡಿಸಿಕೊಂಡು ಆಮೇಲೆ ಹತ್ತಲಿ. ಸೀಟಿನಲ್ಲಿ ಕಟ್ಟಿ ಕೂರಿಸುವ ಸಮಯ ಅರ್ಧ ಗಂಟೆಯಾದರೂ ಕಡಿಮೆಯಾಗುತ್ತದೆ.

6. ಕಿವಿ

ಮುಳ್ಳಯ್ಯನಗಿರಿಗೆ ಹೋಗಿದ್ದೀರಾ? 1,930 ಮೀಟರ್, ಅಂದರೆ ಸುಮಾರು 6,330 ಅಡಿ. ವಿಮಾನ ಎಷ್ಟೇ ಎತ್ತರದಲ್ಲಿದ್ದರೂ ಒಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟಿರುತ್ತದೆ. ಘಾಟಿ ಹತ್ತಿ ಇಳಿಯುವಾಗ ಕಿವಿ ಗುಂಯ್ ಎನ್ನುವುದಿಲ್ಲವೇ, ಅದೇ ಇಲ್ಲಿ ಬೇಗ ಬೇಗ ಆಗುತ್ತದೆ. ಮಧ್ಯಕಿವಿಯಿಂದ ಗಂಟಲಿಗೆ ಹೋಗುವ ನಾಳ ಮಕ್ಕಳಲ್ಲಿ ಕಿರಿದು. ಬೇಗ ತೆರೆಯುವುದಿಲ್ಲ. ನುಂಗಿದಾಗ ತೆರೆಯುತ್ತದೆ.

ಆದ್ದರಿಂದ ಏರುವಾಗ, ಇಳಿಯುವಾಗ ಮಗು ಏನನ್ನಾದರೂ ನುಂಗುತ್ತಿರಬೇಕು. ಕೂಸಿಗೆ ಎದೆಹಾಲು ಅಥವಾ ಬಾಟಲಿ, ದೊಡ್ಡವಳಿಗೆ ಸ್ಟ್ರಾ ಹಾಕಿದ ನೀರು. ವಿಮಾನ ಓಡುವ ಮೊದಲೇ ಕುಡಿಸಲು ಶುರು ಮಾಡಬೇಡಿ. ಟ್ಯಾಕ್ಸಿಯಿಂಗ್, ಅಂದರೆ ರನ್‌ವೇವರೆಗೆ ನೆಲದ ಮೇಲೆ ನಿಧಾನಕ್ಕೆ ಸಾಗುವುದು, ಅರ್ಧ ಗಂಟೆ ಆದರೂ ಆಗಬಹುದು, ಅಷ್ಟರಲ್ಲಿ ಹೊಟ್ಟೆ ತುಂಬಿರುತ್ತದೆ. ಚಕ್ರ ನೆಲ ಬಿಡುವಾಗ ಕೊಡಿ. ನೋವು ಜಾಸ್ತಿ ಇಳಿಯುವಾಗ. ಸ್ಕ್ರೀನ್ ಮೇಲಿನ ನಕ್ಷೆಯಲ್ಲಿ ಎತ್ತರದ ಅಂಕಿ ಕಡಿಮೆಯಾಗುತ್ತಾ ಬರುವುದನ್ನು ನೋಡುತ್ತಿರಿ. ನೆಲ ಮುಟ್ಟುವ ಸುಮಾರು ಅರ್ಧ ಗಂಟೆ ಮೊದಲು ಶುರುವಾಗುತ್ತದೆ. ಮಗು ಮಲಗಿದ್ದರೆ ಆಗ ಎಬ್ಬಿಸಿ. ಮನಸ್ಸು ಬರುವುದಿಲ್ಲ, ನನಗೆ ಗೊತ್ತು. ಆದರೆ ನಿದ್ದೆಯಲ್ಲಿ ನುಂಗುವುದು ಕಡಿಮೆ, ನೋವಿಗೇ ಎಚ್ಚರವಾದರೆ ಸಮಾಧಾನ ಮಾಡುವುದು ಇನ್ನೂ ಕಷ್ಟ.

7. ವಿಮಾನದೊಳಗಿನ ಪಾಳಿ

ಮೂರು ಮೂರು ಗಂಟೆ. ಮೊದಲ ಊಟ ಬಂದ ಕೂಡಲೇ ಒಬ್ಬರು ತಿಂದು, ಕಣ್ಣಿಗೆ ಪಟ್ಟಿ, ಕಿವಿಗೆ ಹತ್ತಿ ಹಾಕಿಕೊಂಡು ಮಲಗಬೇಕು. ಆ ಮೂರು ಗಂಟೆ ಮಗು ಅತ್ತರೂ ಅವರನ್ನು ಎಬ್ಬಿಸಬಾರದು. ಇದನ್ನು ಮನೆಯಲ್ಲೇ ಮಾತಾಡಿಕೊಂಡಿರಿ. ಪಾಳಿಯಲ್ಲಿರುವವರು ಎರಡೂ ಮಕ್ಕಳ ಪೂರ್ತಿ ಜವಾಬ್ದಾರಿ ಹೊರಬೇಕು. ಮಗು ಅಮ್ಮನೇ ಬೇಕೆಂದು ಹಟ ಮಾಡಿದರೆ ಮಲಗುವ ಅಮ್ಮ ಎರಡು ಸಾಲು ದೂರದ ಸೀಟಿನಲ್ಲಿ ಕೂರುವುದು ಒಳ್ಳೆಯದು. ಎದೆಹಾಲು ಕುಡಿಯುವ ಕೂಸಿದ್ದರೆ ಒಂದು ಹಾಲಿನಿಂದ ಮುಂದಿನ ಹಾಲಿನವರೆಗೆ ಅಂತ ಪಾಳಿ ಹಾಕಿಕೊಳ್ಳಿ.

ಮನೆಯಲ್ಲಿ ಮಲಗಿಸುವಾಗ ಏನೇನು ಮಾಡುತ್ತೀರೋ ಅದೇ ಕ್ರಮ ಇಲ್ಲೂ. ಹಲ್ಲುಜ್ಜಿಸಿ, ಬಟ್ಟೆ ಬದಲಿಸಿ, ಹಳೇ ಹೊದಿಕೆ ಹೊದಿಸಿ, ಕಿವಿ ಹತ್ತಿರ ಜೋಗುಳ ಹೇಳಿ. ಮನೆಯ ವಾಸನೆ ಇರುವ ಹೊದಿಕೆಯನ್ನು ಒಗೆಯದೆ ತನ್ನಿ.

ಟಾಯ್ಲೆಟ್ ಫ್ಲಶ್ ಬಗ್ಗೆ ಯಾರೂ ಹೇಳುವುದಿಲ್ಲ. ಅದರ ಸದ್ದಿಗೆ ಮಗಳು ಎಷ್ಟು ಹೆದರಿದಳೆಂದರೆ ಮುಂದಿನ ಏಳು ಗಂಟೆ ಬಾತ್‌ರೂಮಿಗೆ ಬರಲೇ ಇಲ್ಲ. ಈಗ ಮೊದಲು ಅವಳನ್ನು ಹೊರಗೆ ಅಪ್ಪನ ಕೈಗೆ ಕೊಡುತ್ತೇನೆ, ಮುಚ್ಚಳ ಹಾಕುತ್ತೇನೆ, ಆಮೇಲೆ ಬಟನ್ ಒತ್ತುತ್ತೇನೆ. ಡೈಪರ್ ಬಿಟ್ಟ ಮಗುವಿಗೂ ಈ ಒಂದು ದಿನ ಡೈಪರ್ ಹಾಕಿಬಿಡಿ. ಬೆಲ್ಟ್ ದೀಪ ಹತ್ತಿದಾಗ 'ಅಮ್ಮಾ, ಸುಸು' ಎಂದರೆ ಏಳುವಂತಿಲ್ಲವಲ್ಲ.

ಮಗು ಅತ್ತರೆ ಅಳಲಿ. ಎತ್ತಿಕೊಂಡು ಹಿಂದಿನ ಗ್ಯಾಲಿ (ವಿಮಾನದ ಅಡುಗೆ ಜಾಗ) ಕಡೆ ಹೋಗಿ ನಿಂತು ತೂಗಿ. ಅಲ್ಲಿ ಇಂಜಿನ್ ಸದ್ದು ಜೋರು, ಅಳು ಅಷ್ಟು ಕೇಳಿಸುವುದಿಲ್ಲ. ಪಕ್ಕದವರಿಗೆ ಒಂದು 'ಸಾರಿ' ಸಾಕು. ಚಾಕೊಲೇಟ್ ಪೊಟ್ಟಣ ಹಂಚುವ ಅಗತ್ಯವಿಲ್ಲ. ಮಗುವೂ ಅವರಂತೆಯೇ ಪ್ರಯಾಣಿಕ.

ಒಬ್ಬರೇ ಹೋಗುವ ಅಮ್ಮಂದಿರಿಗೆ ಪಾಳಿ ಸಾಧ್ಯವಿಲ್ಲ. ನೀವು ದುಡ್ಡು ಸ್ವಲ್ಪ ಜಾಸ್ತಿಯಾದರೂ ಆದಷ್ಟು ಕಡಿಮೆ ನಿಲುಗಡೆಯ ದಾರಿ ಹಿಡಿಯಿರಿ. ವಿಮಾನ ನಿಲ್ದಾಣದಲ್ಲಿ ಸಹಾಯಕರು ಬೇಕೆಂದು ಮೊದಲೇ ಕೇಳಿ. ಮಗು ಮಲಗಿದ ಕೂಡಲೇ ಸಿನಿಮಾ ಹಾಕಬೇಡಿ, ನೀವೂ ಮಲಗಿ. ಟಾಯ್ಲೆಟ್‌ಗೆ ಹೋಗುವಾಗ ಐದು ನಿಮಿಷ ನೋಡಿಕೊಳ್ಳಿ ಎಂದು ಗಗನಸಖಿಯನ್ನು ಕೇಳಲು ಸಂಕೋಚ ಬೇಡ. ಕೆಲಸದ ನಡುವೆ ಆಗದಿದ್ದರೆ ಕ್ಯಾರಿಯರ್‌ನಲ್ಲಿ ಕಟ್ಟಿಕೊಂಡೇ ಹೋಗಿ.

8. ನಡುವಿನ ನಿಲ್ದಾಣ

ಫ್ರಾಂಕ್‌ಫರ್ಟ್‌ನಲ್ಲಿ ಇಳಿದವರಿಗೆ ಮತ್ತೆ ಸೆಕ್ಯುರಿಟಿ ಇದೆ. ಮೊದಲು ಅದನ್ನು ಮುಗಿಸಿ, ಮುಂದಿನ ಗೇಟ್ ನೋಡಿಕೊಂಡು, ಆಮೇಲೆ ಉಳಿದದ್ದು. ಮುಖ ತೊಳೆಸಿ, ಒಳಬಟ್ಟೆ ಸಮೇತ ಎಲ್ಲ ಬದಲಿಸಿ. ಮಕ್ಕಳು ಅರ್ಧ ಹೊಸಬರಾಗುತ್ತಾರೆ. ನೀವೂ ಹಲ್ಲುಜ್ಜಿ, ಕಾಫಿ ಕುಡಿಯಿರಿ.

9. ಮೊದಲ ವಾರದ ನಿದ್ದೆ

ಬೆಂಗಳೂರಿಗೂ ಕ್ಯಾಲಿಫೋರ್ನಿಯಾಗೂ ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ವ್ಯತ್ಯಾಸ. ಹಗಲು ರಾತ್ರಿ ಪೂರ್ತಿ ಅದಲುಬದಲು. ಒಂದು ವಾರವಾದರೂ ಬೇಕು, ಅವಸರ ಮಾಡಬೇಡಿ.

ಬೆಳಗ್ಗೆ ಎದ್ದ ಕೂಡಲೇ ಮಕ್ಕಳನ್ನು ಬಿಸಿಲಿಗೆ ಕರೆದುಕೊಂಡು ಹೋಗಿ. ದೇಹದ ಗಡಿಯಾರಕ್ಕೆ ಬೆಳಕೇ ಮುಖ್ಯ. ಊಟ ಅಲ್ಲಿಯ ಹೊತ್ತಿಗೇ ಕೊಡಿ. ಹಗಲು ನಿದ್ದೆ ಬಿಡಿಸಬೇಡಿ, ಆದರೆ ಎರಡು ಗಂಟೆ ಆದ ಮೇಲೆ ಎಬ್ಬಿಸಿ. ಮೊದಲ ಎರಡು ಮೂರು ರಾತ್ರಿ ಎರಡು ಗಂಟೆಗೆ ಮಗು ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಏಳುತ್ತದೆ, ಹಸಿವು ಎನ್ನುತ್ತದೆ. ನಿಜವಾದ ಹಸಿವೇ ಅದು, ಬೆಂಗಳೂರಿನ ಹೊಟ್ಟೆಗೆ ಆಗ ಮಧ್ಯಾಹ್ನದ ಊಟದ ಹೊತ್ತು. ಮಲಗುವ ಮೊದಲೇ ಫ್ರಿಜ್‌ನಲ್ಲಿ ಒಂದು ಬಟ್ಟಲು ಮೊಸರನ್ನ ಕಲಸಿಡಿ. ದೊಡ್ಡ ದೀಪ ಹಾಕದೆ, ಟಿವಿ ಹಾಕದೆ, ಅಡುಗೆಮನೆಯ ಮಂದ ಬೆಳಕಲ್ಲಿ ತಿನ್ನಿಸಿ ಮತ್ತೆ ಹಾಸಿಗೆಗೆ ಕರೆತನ್ನಿ.

ಇಲ್ಲೂ ಪಾಳಿ ಬಿಡಬೇಡಿ. ಒಂದು ರಾತ್ರಿ ಅಪ್ಪ ಎದ್ದರೆ ಇನ್ನೊಂದು ರಾತ್ರಿ ಅಮ್ಮ ಏಳಲಿ. ಇಳಿದ ಮರುದಿನವೇ ಆಫೀಸಿಗೆ ಹೋಗುವ ಯೋಜನೆ ಬೇಡ, ಎರಡು ದಿನವಾದರೂ ರಜೆ ಇಟ್ಟುಕೊಳ್ಳಿ. ಭಾರತಕ್ಕೆ ಬಂದಾಗ ಇದು ಇನ್ನೂ ಮುಖ್ಯ. ನೆಂಟರು ಮೊದಲ ದಿನವೇ ಮಕ್ಕಳನ್ನು ನೋಡಲು ಬರುತ್ತೇವೆ ಎನ್ನುತ್ತಾರೆ. 'ನಾಲ್ಕನೇ ದಿನ ಬನ್ನಿ ಅತ್ತೆ, ಅಷ್ಟರಲ್ಲಿ ಮಕ್ಕಳು ಸರಿಯಾಗಿರ್ತಾರೆ' ಎಂದು ಹೊರಡುವ ಮೊದಲೇ ಫೋನಿನಲ್ಲಿ ಹೇಳಿಬಿಡಿ.